ಸೇನೆಯ ಹೊಸ ಡಿಜಿಟಲ್ ಬಟ್ಟೆ: ಪ್ರಿಂಟಿಂಗ್ ಮಾಸ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಭಿವಂಡಿಯ ಪ್ರಿಂಟಿಂಗ್ ಮಾಸ್ಟರ್ ಇವತ್ತು ಸಂಜೆ ಉತ್ತರ ಕೊಡ್ತಾರೆ. ವಿಷಯ ಭೂಸೇನೆಯ ಹೊಸ ಕಾಂಬ್ಯಾಟ್ ಬಟ್ಟೆ. ಫಾರ್ವರ್ಡ್ ಹಾಕಬೇಡಿ.

ಠಾಣೆ ಸದಸ್ಯ: ನಮಸ್ಕಾರ ಸರ್. ಈ ಚೌಕುಳಿ ಡಿಸೈನ್ ಅಮೆರಿಕದ್ದೇ ಕಾಪಿಯಂತೆ, ಹೌದಾ?

ಮಾಸ್ಟರ್: ಅಲ್ಲ. ದೆಹಲಿಯ ಫ್ಯಾಷನ್ ಸಂಸ್ಥೆ ನಿಫ್ಟ್ ಸೇನೆಯ ಜೊತೆ ಕೂತು ಮಾಡಿದ್ದು. 2022ರ ಜನವರಿ 15ರ ಸೇನಾ ದಿನದ ಪರೇಡಿನಲ್ಲಿ ಪ್ಯಾರಾ ಕಮಾಂಡೋಗಳು ತೊಟ್ಟು ಬಂದರು. ಚೌಕ ಕಂಡದ್ದೆಲ್ಲ ಕಾಪಿಯಾದರೆ ಅಮೆರಿಕದ ಮರೀನ್ ದಳವೂ ಕೆನಡಾದ ಕಾಪಿಯೇ. ಚಿಕ್ಕ ಚೌಕಗಳ ಕೆಲಸ ಹತ್ತಿರದಲ್ಲಿ. ದೂರದಿಂದ ಮೈಯ ಅಂಚನ್ನು ಒಡೆಯೋದು ದೊಡ್ಡ ಕಲೆಗಳು. ಅವು ದುರ್ಬಲವಾದರೆ ಚೌಕಗಳೆಲ್ಲ ಕಲೆತು ಒಂದೇ ಬಣ್ಣ. ಅಮೆರಿಕ ಸೇನೆ 2004ರಲ್ಲಿ ತಂದ ಬೂದು ಡಿಜಿಟಲ್ ಬಟ್ಟೆ ಹೀಗೇ ಸೋತು, 2015ರಿಂದ ಬೇರೆ ವಿನ್ಯಾಸ ಬಂತು.

ಖಡಕಿ ಟೈಲರ್: ಸರ, ಫೌಜಿ ಗಿರಾಕಿ ಒಬ್ರು ಅಂಗಿ ತೋಳು ಹರದೈತಿ ಅಂತ ಹೊರಗ ತಗೊಂಡ ಬಟ್ಟಿ ತಂದಾರ. ಹಗಲಿಗೆ ಎರಡೂ ಒಂದ ಕಾಣ್ತಾವ. ರಾತ್ರಿ ಅಂಗಡಿ ಸಿಸಿಟಿವಿ ಒಳಗ ಹೊಸಾ ಬಟ್ಟಿ ಬೆಳ್ಳಗ ಹೊಳೀತೈತಿ, ಹಳೇ ಅಂಗಿ ಕಪ್ಪ-ಬೂದಿ. ಕ್ಯಾಮೆರಾ ಕೆಟ್ಟೈತೇನ್ರಿ?

ಮಾಸ್ಟರ್: ಕ್ಯಾಮೆರಾ ಸರಿಯಾಗಿದೆ. ಆ ತೋಳು ಹಚ್ಚಬೇಡಿ. ಗಿರಾಕಿ ರಾತ್ರಿ ಕಾವಲಿಗೆ ನಿಂತರೆ ಮೈ ಅಡಗಿ ತೋಳೊಂದೇ ಕಾಣುತ್ತೆ.

ಸಿಸಿಟಿವಿಯ ರಾತ್ರಿ ದೀಪ ಸಾಮಾನ್ಯವಾಗಿ 850 ನ್ಯಾನೋಮೀಟರಿನದ್ದು. ನಮ್ಮ ಕಣ್ಣು 700ರ ಆಸುಪಾಸಿಗೆ ನಿಲ್ಲುತ್ತೆ. ಹಸಿ ಎಲೆ ಅದರಾಚೆಯ ಬೆಳಕನ್ನು, ಅಂದರೆ ಇನ್ಫ್ರಾರೆಡ್ ಅನ್ನು, ಜೋರಾಗಿ ವಾಪಸ್ ಎಸೆಯುತ್ತೆ, ಮಣ್ಣು ಅಷ್ಟಿಲ್ಲ. ಹಾಗಾಗಿ ಇಂಥ ಬಟ್ಟೆಯಲ್ಲಿ ಒಂದೊಂದು ಬಣ್ಣಕ್ಕೂ ಎರಡು ಲೆಕ್ಕ: ಕಣ್ಣಿಗೆ ಶೇಡ್, ಇನ್ಫ್ರಾರೆಡ್‌ಗೆ ಪ್ರತಿಫಲನದ ಮಿತಿ. ಪೇಟೆಯವರು ನೋಡೋದು ಶೇಡ್ ಮಾತ್ರ. ಮಾಮೂಲಿ ಡಿಸ್ಪರ್ಸ್ (ಪಾಲಿಯೆಸ್ಟರಿನದ್ದು), ರಿಯಾಕ್ಟಿವ್ (ಹತ್ತಿಯದ್ದು) ಬಣ್ಣ ಕಣ್ಣಿಗೆ ಎಷ್ಟೇ ಕಡುವಾಗಿದ್ದರೂ ಇನ್ಫ್ರಾರೆಡ್‌ನಲ್ಲಿ ಇಲ್ಲದ ಲೆಕ್ಕವೇ, ಕೆಳಗಿನ ಬಿಳಿ ನೂಲು ಹೊಳೆಯುತ್ತೆ. ಹತ್ತಿಗೆ ವ್ಯಾಟ್ ಬಣ್ಣ (ನೀರಲ್ಲಿ ಕರಗದ, ರಾಸಾಯನಿಕದಿಂದ ಕರಗಿಸಿ ನೂಲಿಗೆ ಇಳಿಸುವ ಬಣ್ಣ) ಬೇಕು, ಅದರಲ್ಲೂ ಆರಿಸಿದ್ದು. ಕಡು ಕಲೆಗಳಿಗೆ ಚೂರು ಕಾರ್ಬನ್ ಬ್ಲ್ಯಾಕ್ (ಮಸಿಯಂಥ ಕಪ್ಪು ಪುಡಿ) ಸೇರಿಸ್ತಾರೆ. ಅದು ಒಂದಿಷ್ಟು ಹೆಚ್ಚಾದರೂ ಹಸಿರು ಮಂಕು.

ಸೇನೆಯ ಹೊಸ ಬಟ್ಟೆಯಲ್ಲಿ ನೂರಕ್ಕೆ ಹತ್ತಿ 70, ಪಾಲಿಯೆಸ್ಟರ್ 30. ಇಂಥ ಮಿಶ್ರಣಕ್ಕೆ ಡಿಸ್ಪರ್ಸ್, ವ್ಯಾಟ್ ಎರಡು ಬಗೆಯ ಬಣ್ಣ ಒಟ್ಟಿಗೆ ಅಚ್ಚು ಹಾಕಿ ಒಣಗಿಸಿ, 200 ಡಿಗ್ರಿ ಆಸುಪಾಸಿನ ಬಿಸಿಗಾಳಿಗೆ ಬಿಟ್ಟರೆ ಡಿಸ್ಪರ್ಸ್ ಪಾಲಿಯೆಸ್ಟರಿಗೆ ಇಳಿಯುತ್ತೆ. ಆಮೇಲೆ ಕಾಸ್ಟಿಕ್ ಸೋಡಾ, ಹೈಡ್ರೋ (ವ್ಯಾಟನ್ನು ಕರಗುವಂತೆ ಮಾಡುವ ರಾಸಾಯನಿಕ) ದ್ರಾವಣದಲ್ಲಿ ಅದ್ದಿ ಹಬೆ, ಪೆರಾಕ್ಸೈಡ್, ಕೊನೆಗೆ ಕುದಿಯುವ ಸೋಪು ನೀರು. ಹಬೆಯೊಳಗೆ ಗಾಳಿ ನುಗ್ಗಿದರೆ ಹೈಡ್ರೋ ಸಾಯುತ್ತೆ, ವ್ಯಾಟ್ ನೂಲಿನೊಳಗೆ ಹೋಗದೆ ಮೇಲೇ ಕೂರುತ್ತೆ. ಬಿಳಿ ಒದ್ದೆ ಬಟ್ಟೆಯಿಂದ ಹತ್ತು ಸಲ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಅದೇ ರೋಗ.

ನೀವು ಮಾಡಬಹುದಾದ್ದು ಇಷ್ಟು: ಅಂಗೈಯಗಲದ ತುಂಡು, ಹಳೇ ಅಂಗಿ, ಒಂದು ಹಸಿ ಮಾವಿನೆಲೆ ಪಕ್ಕಪಕ್ಕ ಇಟ್ಟು, ದೀಪ ಆರಿಸಿ, ಅದೇ ಕ್ಯಾಮೆರಾದಲ್ಲಿ ನೋಡಿ. ಕಲೆಗಳ ನಡುವಿನ ಕಪ್ಪು-ಬಿಳಿ ವ್ಯತ್ಯಾಸವೇ ಅಳಿಸಿಹೋಗಿ ತುಂಡು ಒಂದೇ ಬಿಳಿ ಹಾಳೆಯಾದರೆ ಅದು ಪೇಟೆ ಮಾಲು. ಖಾತ್ರಿ ಬೇಕಾದರೆ ಯಾವ ಬೆಳಕು ಎಷ್ಟು ವಾಪಸ್ ಬರುತ್ತೆ ಅಂತ ಅಳೆಯುವ ಲ್ಯಾಬಿನ ಸ್ಪೆಕ್ಟ್ರೋಫೋಟೋಮೀಟರೇ ಆಗಬೇಕು.

ವಸಯಿ ಸದಸ್ಯೆ: ಬಂದದ್ದು ಹಾಗೇ ಹಾಕ್ತಿದೀನಿ: "ಫೌಜಿ ಬಟ್ಟೆ ಬಣ್ಣ ಹೋಗದಿರಲು ಒಂದು ಮುಷ್ಟಿ ಉಪ್ಪು, ಅರ್ಧ ಲೋಟ ವಿನಿಗರ್, ರಾತ್ರಿಯಿಡೀ ನೆನೆಸಿ. ಎಲ್ಲರಿಗೂ ಕಳಿಸಿ."

ಮಾಸ್ಟರ್: ಯಾರಿಗೂ ಕಳಿಸಬೇಡಿ. ಕೂತ ವ್ಯಾಟ್ ಬಣ್ಣಕ್ಕೆ ಉಪ್ಪು, ವಿನಿಗರ್ ಬೇಕಿಲ್ಲ, ಕೂರದ ಬಣ್ಣವನ್ನು ಅವು ಕೂರಿಸೋದೂ ಇಲ್ಲ. ಕ್ಲೋರಿನ್ ಬ್ಲೀಚ್ ಬೇಡ, ಗಂಜಿ ಬೇಡ. "ಹೆಚ್ಚು ಬಿಳುಪು" ಅಂತ ಬರೆದಿರುವ ಪೌಡರ್ ಬೇಡವೇ ಬೇಡ. ಅದರ ಹೊಳಪಿನ ರಾಸಾಯನಿಕ ಬಟ್ಟೆಗೆ ಹತ್ತಿ ನೀಲಿ ಮಿಂಚು ಕೊಡುತ್ತೆ.

ಚಿಂಚವಾಡ ಸದಸ್ಯ: ವಿನಿಗರ್ ಬದಲು ಪಟಿಕ ಆಗಬಹುದಾ ಸರ್?

ಮಾಸ್ಟರ್: ಮೇಲೆ ಓದಿ.

ಮಾಪುಸಾ ಅಂಗಡಿಯವರು: ನಮ್ಮಲ್ಲಿ ಟೂರಿಸ್ಟರು ಇದೇ ಡಿಸೈನಿನ ಚಡ್ಡಿ ಕೇಳ್ತಾರೆ ಮಾರಾಯ್ರೆ. ಎರಡು ತಾನು ತರಿಸಲಾ?

ಮಾಸ್ಟರ್: ಬೇಡ. ವಿನ್ಯಾಸ ಸೇನೆಯ ಹೆಸರಲ್ಲಿ ನೋಂದಣಿಯಾಗಿದೆ, 2022ರ ಅಕ್ಟೋಬರ್ 21ರ ಪೇಟೆಂಟ್ ಕಚೇರಿ ಜರ್ನಲ್ಲಿನಲ್ಲಿದೆ. ಹತ್ತು ವರ್ಷ, ಮೇಲೆ ಐದು ವರ್ಷ ವಿಸ್ತರಿಸಬಹುದು. 2000ದ ವಿನ್ಯಾಸ ಕಾಯ್ದೆಯ 22ನೇ ಕಲಮಿನಲ್ಲಿ ಪ್ರತಿ ಉಲ್ಲಂಘನೆಗೆ 25,000 ರೂಪಾಯಿವರೆಗೆ, ಒಂದು ವಿನ್ಯಾಸಕ್ಕೆ ಒಟ್ಟು 50,000ದವರೆಗೆ ಕೊಡಬೇಕಾಗುತ್ತೆ. ತಡೆಯಾಜ್ಞೆಯೂ ಬರಬಹುದು.

ಮಾಪುಸಾ ಅಂಗಡಿಯವರು: ಸೈನಿಕ ಅಂತ ನಂಬಿಸಿದರೆ ಮಾತ್ರ ಅಪರಾಧ ಅಲ್ವಾ? ಚಡ್ಡಿ ಹಾಕಿದವನನ್ನು ಯಾರು ಸೈನಿಕ ಅಂತಾರೆ?

ಡೊಂಬಿವಲಿ ಸದಸ್ಯ: ಅದು ತೊಡುವವನ ಮೇಲಿನ ಕೇಸ್. ಮಾಸ್ಟರ್ ಹೇಳಿದ್ದು ಮಾರುವವನ ಮೇಲಿನದ್ದು. ಎರಡನ್ನೂ ಕಲಸಬೇಡಿ.

ಮಾಪುಸಾ ಅಂಗಡಿಯವರು: ವಕೀಲರು ಎಲ್ಲಿಂದ ಬಂದ್ರಪ್ಪ! ಪುಣೆಯಲ್ಲಿ ರಸ್ತೆ ಮೇಲೇ ಮಾರ್ತಾರೆ, ಅಲ್ಲಿ ಹೋಗಿ ಹೇಳಿ.

ಖಡಕಿ ಟೈಲರ್: ಪುಣೆ ಹೆಸರ ಯಾಕ ತರ್ತೀರಿ? ಖಡಕಿ ಸೇನಾ ಕ್ಯಾಂಟೀನ್ ಡಿಪೋಕ್ಕ, ಮುಂಬೈ ಡಿಪೋಕ್ಕ ಸರಿಯಾದ ಮಾಲ ಬಂದೈತಿ. ಕಳ್ಳ ಮಾಲಿನಿಂದ ಬೈಸ್ಕೊಳ್ಳೋರು ನಾವು.

ಡೊಂಬಿವಲಿ ಸದಸ್ಯ: ಕ್ಯಾಂಟೀನಿಗೆ ಮೊದಲು ಬಂದದ್ದು 15 ಡಿಪೋ ಸೇರಿ 50,000 ಜೊತೆ. ಸೈನ್ಯಕ್ಕೆ ಬೇಕಾದ್ದು 11.70 ಲಕ್ಷ. ಆ ಸಂದಿಯಲ್ಲೇ ಕಳ್ಳ ಮಾಲು ನುಗ್ಗಿದ್ದು.

ಮಾಪುಸಾ ಅಂಗಡಿಯವರು: ಅಂಕಿ ಹೇಳಿದರೆ ದೊಡ್ಡವರಾಗಲ್ಲ ನೀವು.

ಪಣಜಿ ಸದಸ್ಯೆ: ವಾಯುಸೇನೆಯದ್ದೂ ಇದೇ ಬಟ್ಟೆಯಾ ಸರ್?

ಠಾಣೆ ಸದಸ್ಯ: ಮಗನ ಎನ್‌ಸಿಸಿ ಸಮವಸ್ತ್ರ ಬದಲಾಗುತ್ತಾ?

ಅಂಧೇರಿ ಸದಸ್ಯ: ಇದನ್ನು ತೊಟ್ಟರೆ ಥರ್ಮಲ್ ಕ್ಯಾಮೆರಾಕ್ಕೂ ಕಾಣಲ್ಲ ಅಂತ ವಿಡಿಯೋ ಬಂದಿದೆ, ಹಾಕಲಾ?

ಮಾಸ್ಟರ್: ಹಾಕಬೇಡಿ. ಥರ್ಮಲ್ ಹಿಡಿಯೋದು ಮೈಯ ಬಿಸಿಯನ್ನು. ಬಣ್ಣದಿಂದ ಅದು ಮುಚ್ಚಲ್ಲ. ನಾನು ಹೇಳಿದ್ದು 850 ನ್ಯಾನೋಮೀಟರ್ ಬೆಳಕಿನದ್ದು.

ಅಂಧೇರಿ ಸದಸ್ಯ: ಆದರೆ ವಿಡಿಯೋದಲ್ಲಿ...

ಮಾಸ್ಟರ್: ವಿಡಿಯೋ ಮಾಡಿದವರನ್ನೇ ಕೇಳಿ.

ಖಡಕಿ ಟೈಲರ್: ಸರ, ತೋಳ ಬಿಚ್ಚಿಟ್ಟೆ. ಎಲಿ ಇಟ್ಟ ನೋಡಿದೆ, ಹೊಸಾ ತುಂಡ ಬಿಳಿ ಹಾಳೀನ. ಆದ್ರ ಹಳೇ ಅಂಗಿ ಹೊಲಿಗಿ ಗೆರಿನೂ ಬೆಳ್ಳಗ ಕಾಣ್ತಾವಲ್ರಿ?

ಮಾಸ್ಟರ್: ಯಾರೋ ಪೇಟೆಯ ಪಾಲಿಯೆಸ್ಟರ್ ದಾರದಲ್ಲಿ ಮರುಹೊಲಿಗೆ ಹಾಕಿದ್ದಾರೆ. ಅಂಗಿಯಾದರೆ ಜೇಬಿನ ಬಾಯಿ, ಪ್ಯಾಂಟಾದರೆ ತೊಡೆಸಂದಿಯ ಜೋಡಿ ಪಟ್ಟಿ ಮೊದಲು ನೋಡಿ, ರಿಪೇರಿ ಹೆಚ್ಚು ಬೀಳೋದು ಅಲ್ಲೇ. ದಾರದ ಉಂಡೆಯನ್ನೂ ಕ್ಯಾಮೆರಾ ಮುಂದೆ ಹಿಡಿದು ಆರಿಸಿ, ಆಮೇಲೆ ಹೊಲಿಯಿರಿ. ಆ ತುಂಡು ಗಿರಾಕಿಗೆ ವಾಪಸ್ ಕೊಡಿ, ಎಲ್ಲಿ ಕೊಂಡದ್ದು ಅಂತ ಯೂನಿಟ್ಟಿಗೆ ತಿಳಿಸಲು ಹೇಳಿ.