ಲಂಡನ್ನಿನ ಕೋಟು ಕ್ಯಾಲ್ಗರಿಯ ಚಳಿಗೆ ಸಾಕಾದೀತೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ

ಕುಂಬಳೆಯಿಂದ, ಪ್ರಶ್ನೆ:

ಲಂಡನ್ನಿನಲ್ಲಿ ಓದಿ ಅಲ್ಲಿಯೇ ಕೆಲಸಕ್ಕೆ ಸೇರಿದ್ದ ನನ್ನ ಮಗನಿಗೆ ಕೆನಡಾದ ಕ್ಯಾಲ್ಗರಿಗೆ ವರ್ಗವಾಗಿದೆ. ಡಿಸೆಂಬರ್ ಕೊನೆಗೆ ಅವನು ಅಲ್ಲಿ ಹಾಜರಾಗಬೇಕು. ಜನವರಿಯಲ್ಲಿ ನಾವಿಬ್ಬರೂ ಬರಬೇಕೆಂದು ಒತ್ತಾಯಿಸುತ್ತಿದ್ದಾನೆ. ಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದ ನಾನು ಭೂಪಟ ತೆರೆದು ನೋಡಿದರೆ ಲಂಡನ್ 51.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕ್ಯಾಲ್ಗರಿ 51ರಲ್ಲಿದೆ. ಆದ್ದರಿಂದ ಹಳೆಯ ಕೋಟೇ ಸಾಕು ಎಂಬುದು ಮಗನ ವಾದ. ನನಗೆ ನಂಬಿಕೆ ಬರುತ್ತಿಲ್ಲ. ನಮ್ಮ ಕುಂಬಳೆಯೂ ಹೊಸೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೂ ಜನವರಿಯಲ್ಲಿ ಇಲ್ಲಿ ಫ್ಯಾನು ಹಾಕಿ ಮಲಗುವ ನಾವು ಹೊಸೂರಿನ ತಂಗಿಯ ಮನೆಗೆ ಹೋದರೆ ಕಂಬಳಿ ಕೇಳುತ್ತೇವೆ. ಎರಡು ಖಂಡಗಳ ಚಳಿಯನ್ನೂ ಕಂಡವರು ದಯವಿಟ್ಟು ಬರೆಯಿರಿ.

ಬದಿಯಡ್ಕದವರು, ಈಗ ಕ್ಯಾಲ್ಗರಿಯಲ್ಲಿ:

ಮಾಷ್ಟ್ರೇ, ಆ ಕೋಟನ್ನು ಅಕ್ಟೋಬರಿಗೂ ಏಪ್ರಿಲಿಗೂ ಇಟ್ಟುಕೊಳ್ಳಲು ಹೇಳಿ, ಜನವರಿಗೆ ಅದು ಸಾಲುವುದಿಲ್ಲ. ನಾನೂ ಇಂಗ್ಲೆಂಡಿನಲ್ಲಿದ್ದು ಇಲ್ಲಿಗೆ ಬಂದವನು. ಲಂಡನ್ನಿನ ಜನವರಿಯ ಸರಾಸರಿ ಉಷ್ಣತೆ ಸೊನ್ನೆಗಿಂತ 5–6 ಡಿಗ್ರಿ ಮೇಲಿರುತ್ತದೆ. ಇಲ್ಲಿಯದು ಸೊನ್ನೆಗಿಂತ ಸುಮಾರು 7 ಡಿಗ್ರಿ ಕೆಳಗೆ. ಸರಾಸರಿಯನ್ನು ನೋಡಿ ಬಟ್ಟೆ ಕೊಳ್ಳುವುದೂ ಸರಿಯಲ್ಲ, ಏಕೆಂದರೆ ಮೈನಸ್ 30ರ ಆಸುಪಾಸಿಗೆ ಇಳಿಯುವ ರಾತ್ರಿಗಳು ಇಲ್ಲಿ ಅಪರೂಪವಲ್ಲ, ಬಟ್ಟೆ ಬೇಕಾಗುವುದು ಆ ದಿನಗಳಿಗೆ. ಅಂತಹ ಬೆಳಿಗ್ಗೆ ಬಾಗಿಲು ತೆರೆದು ಮೊದಲ ಉಸಿರು ಎಳೆದುಕೊಂಡಾಗ ಮೂಗಿನೊಳಗಿನ ಕೂದಲು ಗರಿಗರಿಯಾಗಿ ಹೆಪ್ಪುಗಟ್ಟಿದ್ದು ತಿಳಿಯುತ್ತದೆ. ಜೇಬಿನಿಂದ ತೆಗೆದ ಮೊಬೈಲಿನ ಬ್ಯಾಟರಿ ಅರ್ಧ ಇದ್ದದ್ದು ನೋಡನೋಡುತ್ತಲೇ ಬರಿದಾಗುತ್ತದೆ. ಕಾರುಗಳ ಮುಂಭಾಗದಿಂದ ವಿದ್ಯುತ್ತಿನ ವಯರೊಂದು ಇಣುಕುತ್ತಿರುವುದನ್ನು ಕಂಡು ನನಗೆ ಮೊದಲು ಆಶ್ಚರ್ಯವಾಗಿತ್ತು. ರಾತ್ರಿಯಿಡೀ ಎಂಜಿನ್ನನ್ನು ಬೆಚ್ಚಗಿಡುವ ಹೀಟರಿನ ವಯರು ಅದು, ಅದನ್ನು ಪ್ಲಗ್ಗಿಗೆ ಸಿಕ್ಕಿಸದಿದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವ ಭರವಸೆಯಿಲ್ಲ.

ಲಂಡನ್ನಿನಲ್ಲಿ ಶತ್ರು ತೇವ, ಇಲ್ಲಿ ಗಾಳಿ. ಅಲ್ಲಿ ನೀರು ತಡೆಯುವ ಕೋಟು ಬೇಕಿತ್ತು. ಇಲ್ಲಿ ಗಾಳಿ ತಡೆಯುವ, ತೊಡೆಯವರೆಗೆ ಇಳಿಬಿದ್ದ, ಹಕ್ಕಿಯ ತುಪ್ಪಳ ತುಂಬಿದ ಕೋಟು ಬೇಕು. ಒಳಗೆ ಹತ್ತಿಯ ಬನಿಯನು ಬೇಡ: ನಡೆದು ಬೆವರಿದರೆ ಅದು ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆಯದು ಅಥವಾ ಥರ್ಮಲ್ ಎಂದು ಮಾರುವುದು ಒಳ್ಳೆಯದು. ಐದು ಬೆರಳಿನ ಕೈಗವಸಿಗಿಂತ ನಾಲ್ಕು ಬೆರಳು ಒಟ್ಟಿಗೆ ಇರುವಂಥದ್ದೇ ಬೆಚ್ಚಗೆ. ಇವನ್ನೆಲ್ಲ ಊರಿನಲ್ಲಿ ಹುಡುಕುತ್ತ ಅಲೆಯಬೇಡಿ, ಇಲ್ಲಿಯೇ ಕೊಳ್ಳಲಿ.

ಜತ್ತದಿಂದ:

ಗುರುಗಳೇ, ನಾನೂ ಕನ್ನಡ ಮಾಧ್ಯಮದ ಶಾಲೆಯಲ್ಲಿ ಭೂಗೋಳ ಹೇಳುವವನು. ಕಾರಣವನ್ನು ತುಸು ವಿಸ್ತಾರವಾಗಿ ಬರೆಯುತ್ತೇನೆ. ಅಕ್ಷಾಂಶವು ಖಚಿತವಾಗಿ ಹೇಳುವುದು ಬೆಳಕಿನ ಲೆಕ್ಕವನ್ನು ಮಾತ್ರ. ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲೂ ಕ್ಯಾಲ್ಗರಿಯಲ್ಲೂ ಹಗಲು ಎಂಟು ಗಂಟೆಗಿಂತ ತುಸು ಕಡಿಮೆಯೇ. ಚಳಿಯ ಲೆಕ್ಕಕ್ಕೆ ಬೇರೆ ಪ್ರಶ್ನೆ ಕೇಳಬೇಕು: ಗಾಳಿ ಯಾವ ದಿಕ್ಕಿನಿಂದ ಬರುತ್ತದೆ, ಬರುವ ಮೊದಲು ಏನನ್ನು ದಾಟಿ ಬಂದಿದೆ? ಆ ಅಕ್ಷಾಂಶಗಳಲ್ಲಿ ಗಾಳಿ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಲಂಡನ್ನಿಗೆ ಬರುವ ಗಾಳಿ, ಬೇಸಿಗೆಯಲ್ಲಿ ಕೂಡಿಟ್ಟ ಶಾಖವನ್ನು ಚಳಿಗಾಲದಲ್ಲಿ ನಿಧಾನವಾಗಿ ಬಿಟ್ಟುಕೊಡುವ ಅಟ್ಲಾಂಟಿಕ್ ಸಾಗರದ ಮೇಲಿಂದ ಬರುತ್ತದೆ. ಕ್ಯಾಲ್ಗರಿಗೂ ಪೆಸಿಫಿಕ್‌ಗೂ ನಡುವೆ ರಾಕಿ ಪರ್ವತಗಳು ಅಡ್ಡ ನಿಂತಿವೆ; ಉತ್ತರದ ಕಡೆಯಿಂದ ಧ್ರುವದ ತಣ್ಣನೆಯ ಗಾಳಿ ಇಳಿಯಲು ಮಾತ್ರ ತಡೆಯಿಲ್ಲದ ಬಯಲು ದಾರಿ. ಜೊತೆಗೆ ಆ ಊರು ಸಾವಿರ ಮೀಟರಿಗೂ ಮೇಲಿದೆ. ತಮ್ಮ ಕುಂಬಳೆ–ಹೊಸೂರಿನ ವ್ಯತ್ಯಾಸಕ್ಕೂ ಮುಖ್ಯ ಕಾರಣ ಸುಮಾರು 900 ಮೀಟರಿನ ಎತ್ತರವೇ. ಸಾವಿರ ಮೀಟರ್ ಏರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ.

ಕೆನಡಾದೊಳಗೇ ನೋಡಿರಿ. ವ್ಯಾಂಕೂವರ್ 49 ಡಿಗ್ರಿ ದಾಟಿದೆ, ವಿನ್ನಿಪೆಗ್ 50ರ ಹತ್ತಿರ. ಕಡಲ ಬದಿಯ ವ್ಯಾಂಕೂವರಿನ ಜನವರಿ ಸರಾಸರಿ ಸೊನ್ನೆಗಿಂತ ಸುಮಾರು 4 ಡಿಗ್ರಿ ಮೇಲೆ. ಒಳನಾಡಿನ ವಿನ್ನಿಪೆಗ್‌ನದು 16 ಡಿಗ್ರಿ ಕೆಳಗೆ. ಜರ್ಮನಿಯ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ 1817ರಲ್ಲಿ ಸಮಾನ ಉಷ್ಣತೆಯ ಸ್ಥಳಗಳನ್ನು ಜೋಡಿಸಿ ಎಳೆದ ರೇಖೆಗಳು ಅಕ್ಷಾಂಶಗಳಿಗೆ ಸಮಾನಾಂತರವಾಗಿ ಹೋಗದೆ, ಯುರೋಪಿನಲ್ಲಿ ಉತ್ತರಕ್ಕೆ ಏರಿ ಅಮೆರಿಕದ ಪೂರ್ವದಲ್ಲಿ ದಕ್ಷಿಣಕ್ಕೆ ಬಾಗಿದ್ದು ಇದೇ ಕಾರಣಕ್ಕೆ. ಎಲ್ಲದಕ್ಕೂ ಗಲ್ಫ್ ಸ್ಟ್ರೀಮ್ ಎಂಬ ಬಿಸಿನೀರಿನ ಪ್ರವಾಹವೇ ಕಾರಣವೆಂದು ನಾವು ಬಹಳ ಕಾಲ ಪಾಠ ಹೇಳಿದ್ದೇವೆ. ಅದರ ಪಾತ್ರ ಇದೆ. ಆದರೆ ಹವಾಮಾನ ವಿಜ್ಞಾನಿ ರಿಚರ್ಡ್ ಸೀಗರ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನವು ಗಾಳಿಯ ದಿಕ್ಕಿಗೂ ಸಾಗರ ಕೂಡಿಟ್ಟ ಶಾಖಕ್ಕೂ ರಾಕಿ ಪರ್ವತಗಳು ಗಾಳಿಯ ಹರಿವನ್ನು ಬಾಗಿಸುವುದಕ್ಕೂ ಹೆಚ್ಚಿನ ತೂಕ ಕೊಡುತ್ತದೆ. ನನಗೂ ಅದೇ ಸರಿಯೆನಿಸುತ್ತದೆ, ಪಠ್ಯಪುಸ್ತಕ ಇನ್ನೂ ಅಲ್ಲಿಗೆ ಬಂದಿಲ್ಲದಿದ್ದರೂ.

ಆದೋನಿಯಿಂದ:

ಮೇಲಿನದನ್ನು ಓದಿ ಯಾರಾದರೂ ಕಡಲು ಹತ್ತಿರವಿದ್ದರೆ ಚಳಿ ಕಡಿಮೆ ಎಂದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ. ನಮ್ಮಕ್ಕನ ಮಗಳು ವೈದ್ಯಕೀಯ ಓದಲು ರಷ್ಯಾದ ವ್ಲಾಡಿವೊಸ್ಟಾಕ್‌ಗೆ ಹೋಗಿದ್ದಾಳೆ. ಅದು 43 ಡಿಗ್ರಿಯಲ್ಲಿರುವ ಬಂದರು. ಫ್ರಾನ್ಸಿನ ನೀಸ್ ಕೂಡ ಹೆಚ್ಚುಕಡಿಮೆ ಅದೇ ಅಕ್ಷಾಂಶದ ಕಡಲೂರು. ನೀಸ್‌ನ ಜನವರಿ ಸರಾಸರಿ 9 ಡಿಗ್ರಿ, ಇವಳ ಊರಿನದು ಸೊನ್ನೆಗಿಂತ ಸುಮಾರು 12 ಕೆಳಗೆ. ಹೆಪ್ಪುಗಟ್ಟಿದ ಕೊಲ್ಲಿಯ ಮೇಲೆ ಜನ ಕುಳಿತು ರಂಧ್ರ ಕೊರೆದು ಮೀನು ಹಿಡಿಯುವುದನ್ನು ಅವಳು ವಿಡಿಯೊದಲ್ಲಿ ತೋರಿಸಿದಾಗ ಮನೆಯವರು ನಂಬಲಿಲ್ಲ. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ತಣ್ಣನೆಯ ಭಾರವಾದ ಗಾಳಿ ಕೂಡಿಕೊಂಡು ಅಲ್ಲಿಂದ ಕಡಲ ಕಡೆಗೆ ಬೀಸುವುದರಿಂದ, ಪಕ್ಕದಲ್ಲಿ ಸಮುದ್ರವಿದ್ದೂ ಊರಿಗೆ ಅದರ ಉಪಕಾರ ದೊರೆಯುವುದಿಲ್ಲ. ಬೀಜಿಂಗಿನ ಚಳಿಗೂ ಇದೇ ಮೂಲ.

ಮಂಜೇಶ್ವರದಿಂದ:

ದಕ್ಷಿಣಾರ್ಧಗೋಳದ್ದೂ ಒಂದಿರಲಿ. ತಮ್ಮನಿರುವ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ 43.5 ಡಿಗ್ರಿ ದಕ್ಷಿಣದಲ್ಲಿದೆ. ಜುಲೈ ಅಲ್ಲಿ ಚಳಿಗಾಲ, ಸರಾಸರಿ ಸುಮಾರು 6 ಡಿಗ್ರಿ. ಸುತ್ತ ನೀರೇ ಇರುವುದರಿಂದ ಸೈಬೀರಿಯಾದಂಥ ಶೀತದ ಉಗ್ರಾಣ ಅಲ್ಲಿಗೆ ಹತ್ತಿರವಿಲ್ಲ. ಆದರೆ ಹಳೆಯ ಮನೆಗಳಲ್ಲಿ ಒಳಗಿನ ಚಳಿ ಕೆನಡಾಕ್ಕಿಂತ ಹೆಚ್ಚು ಎಂಬುದು ಅವನ ದೂರು!

ಕುಂಬಳೆಯಿಂದ, ಮತ್ತೆ:

ಎಲ್ಲರಿಗೂ ಕೃತಜ್ಞತೆಗಳು. ಮಗನಿಗೆ ಕಳುಹಿಸಿದ್ದೇನೆ, ಕೋಟಿನ ವಾದ ನಿಂತಿದೆ. ಇನ್ನುಳಿದದ್ದು ನಮ್ಮದು. ನನಗೆ ಅರುವತ್ತು ದಾಟಿದೆ, ಮನೆಯವಳಿಗೆ ಗಂಟುನೋವು. ಜನವರಿಯಲ್ಲಿ ಬರಬಹುದೇ?

ಬದಿಯಡ್ಕದವರು:

ಬರಬಹುದು, ಆದರೆ ನಾನಾದರೆ ಮೇ ಕಳೆದ ಮೇಲೆ ಬರಲು ಹೇಳುತ್ತೇನೆ. ಮನೆಯೊಳಗೆ ಹೀಟರು ಇರುವುದರಿಂದ ಗಂಟುನೋವಿಗೆ ಭಯವಿಲ್ಲ. ಅಪಾಯವಿರುವುದು ಕಾಲುದಾರಿಯ ಮಂಜುಗಡ್ಡೆಯ ಮೇಲೆ ಜಾರುವುದರಲ್ಲಿ. ಅದಕ್ಕೆ ಶಿನೂಕ್ ಎಂಬ ಗಾಳಿಯೂ ಕಾರಣ. ರಾಕಿಯ ಆ ಬದಿಯಲ್ಲಿ ತೇವವನ್ನೆಲ್ಲ ಸುರಿಸಿ ಈ ಬದಿಗೆ ಇಳಿಯುವಾಗ ಒಣಗಿ ಬಿಸಿಯಾಗುವ ಗಾಳಿ ಅದು. ಮಳೆನೆರಳಿನ ಸೀಮೆಯಾದ ಜತ್ತದ ಮೇಷ್ಟ್ರಿಗೆ ವಿವರಿಸಬೇಕಾಗಿಲ್ಲ. ಅದು ಬಂತೆಂದರೆ ಕೆಲವೇ ಗಂಟೆಗಳಲ್ಲಿ ಇಪ್ಪತ್ತು ಡಿಗ್ರಿ ಏರಿ ಹಿಮವೆಲ್ಲ ನೀರಾಗುತ್ತದೆ. ಅದು ನಿಂತ ರಾತ್ರಿ ಆ ನೀರೇ ಗಾಜಿನಂತೆ ಗಟ್ಟಿಯಾಗುತ್ತದೆ. ಜನವರಿಯಲ್ಲಿಯೇ ಬರುವುದಾದರೆ ಇಬ್ಬರಿಗೂ ಶೂಗೆ ಕೆಳಗಿನಿಂದ ಸಿಕ್ಕಿಸುವ ಮೊಳೆಪಟ್ಟಿ ತೆಗೆದಿಡಲು ಮಗನಿಗೆ ಹೇಳಿ. ಗಾಳಿ ಬಹಳ ಒಣದಾದ್ದರಿಂದ ಚರ್ಮ ಬಿರಿಯುತ್ತದೆ, ಊರಿನ ತೆಂಗಿನೆಣ್ಣೆಯ ಬಾಟಲಿಯೊಂದು ಪೆಟ್ಟಿಗೆಯಲ್ಲಿರಲಿ. ಗಟ್ಟಿಯಾಗುತ್ತದೆ, ಆದ್ದರಿಂದ ಅಗಲ ಬಾಯಿಯದ್ದೇ ತನ್ನಿ.