ಬೂತಾಯಿ ಒಂದು ವರ್ಷ ಹೇರಳ, ಇನ್ನೊಂದು ವರ್ಷ ವಿರಳ: ಕಡಲಿನಲ್ಲಿ ಏನು ಬದಲಾಗುತ್ತದೆ?

ಪ್ರಶ್ನೆ (ಮಲ್ಪೆಯ ಓದುಗ)

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿದು ದೋಣಿಗಳು ಕಡಲಿಗಿಳಿದ ಮೇಲೆ, ಕೆಲವು ವರ್ಷ ಬೂತಾಯಿ (ಸಾರ್ಡೀನ್), ಬಂಗುಡೆ ಮೀನುಗಳು ದಡದ ಸಮೀಪದಲ್ಲೇ ಹಿಂಡುಹಿಂಡಾಗಿ ಬಲೆಗೆ ಬೀಳುತ್ತವೆ. ಕೆಲವು ವರ್ಷ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ. ಮಳೆಗಾಲದಲ್ಲಿ ಹೊಳೆಗಳು ಹೊತ್ತು ತರುವ ಸಾರವೇ ಮೀನಿಗೆ ಆಹಾರವಾಗುತ್ತದೆ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಾರೆ. ಇದು ಎಷ್ಟರ ಮಟ್ಟಿಗೆ ನಿಜ ಎಂದು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ (ಸಾಗರ ವಿಜ್ಞಾನದ ವಿದ್ಯಾರ್ಥಿನಿ)

ಹೊಳೆಯ ನೀರಿಗೂ ಪಾತ್ರವಿದೆ, ಆದರೆ ಹೆಚ್ಚಿನ ಪೋಷಕಾಂಶಗಳು ಬರುವುದು ಕಡಲಿನ ಆಳದಿಂದ. ನೈಋತ್ಯ ಮುಂಗಾರಿನ ಅವಧಿಯಲ್ಲಿ ಪಶ್ಚಿಮ ಕರಾವಳಿಯ ಗುಂಟ ದಕ್ಷಿಣಾಭಿಮುಖವಾಗಿ ಬೀಸುವ ಗಾಳಿಯೂ ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದೂ ಸೇರಿ ಮೇಲ್ಪದರದ ಬಿಸಿ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಆ ಜಾಗಕ್ಕೆ ಕೆಳಗಿನ ತಣ್ಣನೆಯ, ನೈಟ್ರೇಟ್ ಮತ್ತು ಫಾಸ್ಫೇಟ್ ತುಂಬಿದ ನೀರು ಏರಿ ಬರುತ್ತದೆ. ಇದು ಮೊದಲು ಕೇರಳದ ದಕ್ಷಿಣ ತುದಿಯಲ್ಲಿ ಕಾಣಿಸಿಕೊಂಡು ಕ್ರಮೇಣ ಉತ್ತರಕ್ಕೆ ಸರಿದು ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಅಲ್ಲಿ ಬಿಸಿಲು ಸಿಕ್ಕೊಡನೆ ಡಯಾಟಮ್‌ಗಳೆಂಬ ಸೂಕ್ಷ್ಮ ಪಾಚಿಗಳು ಭರದಿಂದ ವೃದ್ಧಿಸುತ್ತವೆ. ಬೂತಾಯಿಯ ಮುಖ್ಯ ಆಹಾರವೇ ಇವು.

ಉತ್ತರ (ಕಾರವಾರದ ಜೀವಶಾಸ್ತ್ರ ಅಧ್ಯಾಪಕ)

ಮೇಲಿನ ವಿವರಣೆಗೆ ಒಂದು ಮುಖ್ಯ ಸಂಗತಿಯನ್ನು ಸೇರಿಸಲೇಬೇಕು. ಪೋಷಕಾಂಶಗಳನ್ನು ತರುವ ಅದೇ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆ, ಏಕೆಂದರೆ ಅರಬ್ಬಿ ಸಮುದ್ರದ ನಡು ಆಳದ ಪದರವು ಜಗತ್ತಿನ ಅತ್ಯಂತ ಆಮ್ಲಜನಕಹೀನ ಜಲರಾಶಿಗಳಲ್ಲಿ ಒಂದು. ಮಳೆ ಮತ್ತು ಹೊಳೆಗಳ ಸಿಹಿನೀರು ಹಗುರವಾದುದರಿಂದ ಕೆಲವೇ ಮೀಟರ್ ದಪ್ಪದ ಪದರವಾಗಿ ಮೇಲೆ ನಿಂತು, ಗಾಳಿಯ ಆಮ್ಲಜನಕ ಕೆಳಕ್ಕಿಳಿಯದಂತೆ ತಡೆಯುತ್ತದೆ. ಸತ್ತ ಪಾಚಿಗಳು ತಳದಲ್ಲಿ ಕೊಳೆಯುವಾಗ ಉಳಿದದ್ದೂ ವ್ಯಯವಾಗುತ್ತದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕಾಂಡೋಳಿ ತೀರದಲ್ಲಿ ವರ್ಷಗಳಿಂದ ನಡೆಸಿದ ಅಳತೆಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ವೇಳೆಗೆ ತಳದ ನೀರಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕೂಡ ಕಂಡುಬಂದಿದೆ. ಇಂಥ ನೀರಿನಿಂದ ತಪ್ಪಿಸಿಕೊಳ್ಳುವ ಮೀನುಗಳು ಮೇಲ್ಪದರಕ್ಕೋ ದಡದ ತೆಳು ನೀರಿಗೋ ಸರಿಯುತ್ತವೆ. ಆದ್ದರಿಂದ ದಡದ ಬಳಿ ಹಿಂಡು ಕಂಡ ಮಾತ್ರಕ್ಕೆ ಆ ವರ್ಷ ಮೀನಿನ ಸಂತತಿ ಹೆಚ್ಚಿದೆ ಎಂದು ನಾನು ಒಪ್ಪಲಾರೆ.

ಮಲ್ಪೆಯ ಓದುಗ

ಹಾಗಿದ್ದರೆ ನಾವು ಸುಗ್ಗಿ ಎಂದುಕೊಳ್ಳುವುದು ಕೆಲವೊಮ್ಮೆ ಇಕ್ಕಟ್ಟಿಗೆ ಸಿಲುಕಿದ ಮೀನನ್ನು ಬಾಚಿಕೊಳ್ಳುವುದಷ್ಟೇ ಆಗಿರಬಹುದಲ್ಲವೇ?

ಕಾರವಾರದ ಜೀವಶಾಸ್ತ್ರ ಅಧ್ಯಾಪಕ

ಹೌದು, ಆ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು. ನೆರೆಯ ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪಕ್ಕೆ ಏರಿದ್ದ ಬೂತಾಯಿ ಇಳುವರಿ 2021ರಲ್ಲಿ ಸುಮಾರು 3,300 ಟನ್ನಿಗೆ ಕುಸಿಯಿತು. 2015ರ ಎಲ್ ನಿನೋ (ಪೆಸಿಫಿಕ್ ಸಾಗರದ ಮೇಲ್ಮೈ ನೀರು ಎಂದಿಗಿಂತ ಬಿಸಿಯಾಗುವ ವಿದ್ಯಮಾನ) ಸಮಯದ ಪ್ರತಿಕೂಲ ಸ್ಥಿತಿಯನ್ನೂ ಮಿತಿಮೀರಿದ ಬೇಟೆಯನ್ನೂ ವಿಜ್ಞಾನಿಗಳು ಕಾರಣಗಳಾಗಿ ಹೇಳಿದ್ದಾರೆ. ಬೂತಾಯಿಯ ಆಯುಸ್ಸು ಎರಡು, ಎರಡೂವರೆ ವರ್ಷವಷ್ಟೇ. ಒಂದು ಋತುವಿನ ಮರಿಗಳು ಉಳಿಯದಿದ್ದರೆ ಮರುವರ್ಷವೇ ಅದರ ಪೆಟ್ಟು ಕಾಣುತ್ತದೆ.

ಹೈದರಾಬಾದಿನ ಇನ್‌ಕಾಯಿಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಉಪಗ್ರಹಗಳ ನೆರವಿನಿಂದ ನೀರಿನ ಉಷ್ಣತೆ ಮತ್ತು ಪಾಚಿಯ ಹಸಿರನ್ನು ಗುರುತಿಸಿ ಮೀನು ಸಿಗಬಹುದಾದ ತಾಣಗಳನ್ನು ತಿಳಿಸುತ್ತದೆ. ಅದರಿಂದ ಹುಡುಕಾಟದ ಡೀಸೆಲ್ ಖಂಡಿತ ಉಳಿಯುತ್ತದೆ. ಆದರೆ ಅಲ್ಲಿರುವ ಮೀನಿನಲ್ಲಿ ಎಷ್ಟನ್ನು ಹಿಡಿಯಬಹುದು ಎಂಬುದನ್ನು ಅದು ಹೇಳುವುದಿಲ್ಲ. ಬಲೆಗೆ ಮರಿಗಳೇ ಹೆಚ್ಚಾಗಿ ಬರುತ್ತಿದ್ದರೆ ಅಲ್ಲಿ ಬಲೆ ಬೀಸುವುದನ್ನು ನಿಲ್ಲಿಸುವ ನಿರ್ಧಾರವನ್ನು ನಿಮ್ಮ ಬಂದರಿನವರೇ ಒಟ್ಟಾಗಿ ತೆಗೆದುಕೊಳ್ಳಬೇಕಾಗುತ್ತದೆ.