ಹಾರುವ ಜೆಟ್ ಮೇಲಿನ ಡಿಶ್‌ಗೆ ಸಿಗ್ನಲ್ ತಪ್ಪೋದಿಲ್ವಾ?

ಮಾಳಿಗೆ ಡಿಶ್, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ಡಿಶ್ ಕೂರಿಸುವ ಕೆಲಸ ನನ್ನದು. ನಿಟ್ಟುವಳ್ಳಿ, ಕೆ.ಟಿ.ಜೆ. ನಗರ, ಆ ಕಡೆ ಆನಗೋಡು, ಮಾಯಕೊಂಡದವರೆಗೂ ನಾನು ಹತ್ತದ ಮಾಳಿಗೆ ಕಡಿಮೆ.

ನನ್ನ ಮಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದಾನೆ. ಬೆಂಗಳೂರಿನಲ್ಲಿ ಖಾಸಗಿ ಜೆಟ್‌ಗಳ ರಿಪೇರಿ ಮಾಡುವ ಹ್ಯಾಂಗರ್ ಒಂದರಿಂದ ಟ್ರೈನಿ ಕೆಲಸಕ್ಕೆ ಕರೆ ಬಂದಿದೆ. ವಿಮಾನದೊಳಗಿನ ವೈಫೈ, ಸ್ಯಾಟಲೈಟ್ ಫೋನ್ ನೋಡಿಕೊಳ್ಳುವ ವಿಭಾಗ. 'ಅಪ್ಪಾ, ನೀನು ಮಾಡೋ ಕೆಲಸಾನೇ. ಡಿಶ್ ಮಾತ್ರ ವಿಮಾನದ ಬಾಲದ ಮೇಲಿರುತ್ತೆ' ಅಂದ. ಅವತ್ತಿನಿಂದ ನನಗೆ ಅದೇ ಯೋಚನೆ.

ನಮ್ಮೂರಲ್ಲಿ ಡಿಡಿ ಫ್ರೀ ಡಿಶ್ ಹಿಡಿಯಬೇಕಾದರೆ ಆಗ್ನೇಯಕ್ಕೆ ಮುಖ ಮಾಡಿ, ಸುಮಾರು 63 ಡಿಗ್ರಿ ಮೇಲಕ್ಕೆ ನೋಡಬೇಕು. ನಟ್ ಬಿಗಿ ಮಾಡುವಾಗ ಎರಡು ಡಿಗ್ರಿ ಸರಿದರೂ ಸಿಗ್ನಲ್ ಬಿದ್ದುಹೋಗುತ್ತೆ. ಹೋದ ತಿಂಗಳು ಒಂದು ಮನೆಯಲ್ಲಿ ಕೋತಿ ಡಿಶ್ ಮೇಲೆ ಕೂತು ಎದ್ದುಹೋಗಿತ್ತು, ಅಷ್ಟೇ. ಒಂದು ಬೆರಳಷ್ಟು ವಾಲಿತ್ತು. ಒಂದು ಚಾನೆಲ್ಲೂ ಇಲ್ಲ.

ಹಾಗಿರುವಾಗ ಗಂಟೆಗೆ 850 ಕಿ.ಮೀ. ಓಡುವ, ತಿರುಗುವ, ವಾಲುವ ವಿಮಾನದಲ್ಲಿ ಅದು ಹೇಗೆ ನಿಲ್ಲುತ್ತೆ? ಮಳೆ ಮೋಡ ಬಂದರೆ? ಈ ಕೆಲಸಕ್ಕೆ ಮಗನನ್ನು ಕಳಿಸಬಹುದಾ? ತಿಳಿದವರು ಬಿಡಿಸಿ ಹೇಳಿ.

ದುರ್ಗದ ಹ್ಯಾಂಗರ್:

ಅಣ್ಣಾ, ನಾನು ಚಿತ್ರದುರ್ಗದವನು. ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಮಗ ಹೇಳಿದ್ದು ಸರಿ.

ದೊಡ್ಡ ಜೆಟ್‌ಗಳ ಬಾಲದ ತುದಿಯಲ್ಲಿ ಉಬ್ಬಿದ ಒಂದು ಮುಚ್ಚಳ ಇರುತ್ತೆ. ಅದಕ್ಕೆ ರೇಡೋಮ್ ಅಂತೀವಿ. ಅದರೊಳಗೆ ಅಡಿಯಷ್ಟು ಅಗಲದ ಪುಟ್ಟ ಡಿಶ್. ಅದನ್ನು ಎಲ್ಲಾ ದಿಕ್ಕಿಗೂ ತಿರುಗಿಸೋಕೆ ಮೋಟಾರುಗಳಿವೆ. ವಿಮಾನ ಯಾವ ಕಡೆ ಮುಖ ಮಾಡಿದೆ, ಎಷ್ಟು ವಾಲಿದೆ, ಮೂಗು ಎಷ್ಟು ಎತ್ತಿದೆ ಅನ್ನೋದನ್ನು ವಿಮಾನದ್ದೇ ಸೆನ್ಸರ್‌ಗಳು ಪ್ರತಿ ಸೆಕೆಂಡಿಗೆ ಹತ್ತಾರು ಸಲ ಹೇಳ್ತಾ ಇರುತ್ತವೆ. ವಿಮಾನ ಎಡಕ್ಕೆ ವಾಲಿದಷ್ಟೂ ಡಿಶ್ ಬಲಕ್ಕೆ ವಾಲುತ್ತೆ. ಆಮೇಲೆ ನೀವು ಮೀಟರ್ ನೋಡ್ತಾ ಡಿಶ್‌ನ ಒಂಚೂರು ಅತ್ತ, ಒಂಚೂರು ಇತ್ತ ಸರಿಸಿ ಜಾಸ್ತಿ ಸಿಗ್ನಲ್ ಎಲ್ಲಿದೆ ಅಂತ ಹುಡುಕ್ತೀರಲ್ಲ, ಅದನ್ನೇ ಅದು ಹಾರಾಟದುದ್ದಕ್ಕೂ ತಾನೇ ಮಾಡ್ತಿರುತ್ತೆ.

ಒಂದು ವ್ಯತ್ಯಾಸ ಇದೆ. ನಿಮ್ಮ ಡಿಶ್ ಬರೀ ಕೇಳಿಸಿಕೊಳ್ಳುತ್ತೆ. ನಮ್ಮದು ಮೇಲಕ್ಕೆ ಕಳಿಸುತ್ತೆ ಕೂಡ. ಗುರಿ ತಪ್ಪಿದರೆ ಪಕ್ಕದ ಉಪಗ್ರಹಕ್ಕೆ ತೊಂದರೆ. ಅದಕ್ಕೇ ಸ್ವಲ್ಪ ಹಾದಿ ತಪ್ಪಿದರೂ ಕಳಿಸೋದನ್ನು ತಾನೇ ನಿಲ್ಲಿಸುತ್ತೆ. ನೆಲದ ಮೇಲೆ ಟೆಸ್ಟ್ ಮಾಡುವಾಗ ಅದರ ಮುಂದೆ ಯಾರೂ ನಿಲ್ಲಬಾರದು. ಬಾಲದ ಹತ್ತಿರ ಕೆಲಸ ಇದ್ದರೆ ಮೊದಲು ಅದರ ಕರೆಂಟ್ ಕಡಿಯುವ ಬ್ರೇಕರ್ ಎಳೆದು, ಯಾರೂ ಮತ್ತೆ ಹಾಕದ ಹಾಗೆ ಟ್ಯಾಗ್ ಕಟ್ಟಬೇಕು. ಈ ಒಂದು ಮಾತು ಮಗನಿಗೆ ಇವತ್ತೇ ಹೇಳಿಬಿಡಿ.

ಮಳೆ ವಿಷಯಕ್ಕೆ ಬಂದರೆ, ಈ ಜೆಟ್‌ಗಳು 41,000 ಅಡಿ, ಕೆಲವು 45,000 ಅಡಿಯಲ್ಲಿ ಹಾರುತ್ತವೆ. ಮಳೆಯೆಲ್ಲಾ ಕೆಳಗೇ. ಏರುವಾಗ, ಇಳಿಯುವಾಗ ದಟ್ಟ ಮೋಡ ಸಿಕ್ಕರೆ ಸ್ಪೀಡ್ ಕುಸಿಯುತ್ತೆ. ನಮಗೆ ಮಳೆಗಿಂತ ಬಣ್ಣದ ಕಾಟ ಜಾಸ್ತಿ. ಒಂದು ವಿಮಾನಕ್ಕೆ ಹೊಸದಾಗಿ ಬಣ್ಣ ಬಳಿದು ತಂದಿದ್ದರು, ನೆಟ್ ಅರ್ಧಕ್ಕೆ ಇಳಿದಿತ್ತು. ಮೂರು ದಿನ ಕೇಬಲ್, ಮೋಡೆಮ್ ಎಲ್ಲಾ ತಡಕಾಡಿದೆವು. ಕೊನೆಗೆ ನೋಡಿದರೆ ರೇಡೋಮ್ ಮೇಲೆ ಬಣ್ಣ ದಪ್ಪ ಕೂತು ಸಿಗ್ನಲ್‌ಗೆ ಅಡ್ಡವಾಗಿತ್ತು. ಲೋಹದ ಪುಡಿ ಇರುವ ಹೊಳಪಿನ ಬಣ್ಣವನ್ನಂತೂ ಅದಕ್ಕೆ ಮುಟ್ಟಿಸಲೇಬಾರದು.

ಕೋಟೆ ಕಡೆಯವಳು:

ನಾನು ಚಾರ್ಟರ್ ವಿಮಾನಗಳ ಫ್ಲೈಟ್ ಪ್ಲಾನಿಂಗ್ ಮಾಡ್ತೀನಿ. ನನ್ನದೂ ಒಂದೆರಡು ಮಾತು.

ಟಿವಿಯ ಉಪಗ್ರಹದ ಹಾಗೇ ಬಾಲದ ಡಿಶ್ ನೋಡುವ ಉಪಗ್ರಹವೂ ಸುಮಾರು 36,000 ಕಿ.ಮೀ. ಮೇಲಿದೆ. ಅಲ್ಲಿಗೆ ಹೋಗಿ ಬರೋಕೆ ಬೆಳಕಿಗೂ ಹೊತ್ತು ಹಿಡಿಯುತ್ತೆ. ವಿಡಿಯೋ ಕಾಲ್‌ನಲ್ಲಿ 'ಹಲೋ' ಅಂದರೆ ಉತ್ತರಕ್ಕೆ ಅರ್ಧ ಸೆಕೆಂಡಿಗೂ ಜಾಸ್ತಿ ಕಾಯಬೇಕು. ಇಬ್ಬರೂ ಒಟ್ಟಿಗೇ ಮಾತಾಡಿಬಿಡ್ತಾರೆ. ಇಂಟರ್ನೆಟ್ ಕೊಡುವ ಹೊಸ ಉಪಗ್ರಹಗಳಲ್ಲಿ ಸ್ಟಾರ್‌ಲಿಂಕ್‌ನವು ಸುಮಾರು 550 ಕಿ.ಮೀ., ಒನ್‌ವೆಬ್‌ನವು 1,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ, ಅಲ್ಲಿ ಆ ತಡವೇ ಗೊತ್ತಾಗಲ್ಲ. ಆದರೆ ಅವು ಒಂದೇ ಕಡೆ ನಿಲ್ಲಲ್ಲ, ಕೆಲವೇ ನಿಮಿಷದಲ್ಲಿ ದಾಟಿಹೋಗುತ್ತವೆ. ಅದಕ್ಕೇ ಮೋಟಾರ್ ಡಿಶ್ ಬದಲು ವಿಮಾನದ ಬೆನ್ನ ಮೇಲೆ ಚಪ್ಪಟೆ ಆಂಟೆನಾ ಕೂರಿಸ್ತಾರೆ. ಅದು ಅಲುಗಾಡದೆ, ಎಲೆಕ್ಟ್ರಾನಿಕ್ ಆಗಿಯೇ ಕಿರಣವನ್ನು ತಿರುಗಿಸುತ್ತೆ. ಒನ್‌ವೆಬ್‌ನ 36 ಉಪಗ್ರಹಗಳನ್ನು 2022ರ ಅಕ್ಟೋಬರ್‌ನಲ್ಲಿ, ಇನ್ನು 36ನ್ನು 2023ರ ಮಾರ್ಚ್‌ನಲ್ಲಿ ನಮ್ಮ ಇಸ್ರೋನೇ ಹಾರಿಸಿದ್ದು ಅನ್ನೋದು ನನಗೆ ತುಂಬಾ ಹೆಮ್ಮೆ.

ಪೈಲಟ್‌ಗಳ ಸಂಪರ್ಕ ಬೇರೆ, ಕ್ಯಾಬಿನ್ ವೈಫೈ ಬೇರೆ. ಸಮುದ್ರದ ನಡುವೆ ಮಾಮೂಲಿ ವಿಎಚ್‌ಎಫ್ ರೇಡಿಯೋ ಕಂಟ್ರೋಲ್ ಟವರ್‌ಗೆ ಮುಟ್ಟಲ್ಲ. ಆಗ ಇರಿಡಿಯಂ ಅಥವಾ ಇನ್‌ಮಾರ್‌ಸ್ಯಾಟ್ ಅನ್ನೋ ಉಪಗ್ರಹ ಜಾಲಗಳ ಮೂಲಕ ಮಾತು, ಸಂದೇಶ. ಇರಿಡಿಯಂನ 66 ಉಪಗ್ರಹಗಳು ಧ್ರುವದ ಮೇಲೂ ಸಿಗುತ್ತವೆ. ವೈಫೈ ಹೋದರೆ ಪ್ರಯಾಣಿಕರು ಸಿಟ್ಟಾಗ್ತಾರೆ, ಅಷ್ಟೇ. ಪೈಲಟ್‌ಗಳ ಸಂಪರ್ಕ ಮಾತ್ರ ಹೋಗಬಾರದು. ಮಗನಿಗೆ ಎರಡನ್ನೂ ಕಲಿಯೋಕೆ ಹೇಳಿ.



ಮಾಳಿಗೆ ಡಿಶ್, ದಾವಣಗೆರೆ:

ತಮ್ಮಾ, ತಂಗೀ, ಇಬ್ಬರಿಗೂ ಕೈ ಮುಗಿದೆ. ರಾತ್ರಿ ಊಟ ಆದಮೇಲೆ ಮಗನನ್ನು ಪಕ್ಕ ಕೂರಿಸಿಕೊಂಡು ಎರಡು ಸಲ ಓದಿಸಿದೆ. ಬ್ರೇಕರ್ ವಿಷಯವನ್ನು ಅವನ ಬಾಯಲ್ಲೇ ಹೇಳಿಸಿದೆ.

ಚಪ್ಪಟೆ ಆಂಟೆನಾ ಬಂದರೆ ಬಾಲದ ಡಿಶ್ ಕೆಲಸ ಹೋಗಲ್ವಾ? ಇನ್ನೊಂದು, ಅವನಿಗೆ ಹನ್ನೆರಡು ವರ್ಷ ಇದ್ದಾಗಲೇ ಡಿಶ್ ಕೇಬಲ್ ಸುಲಿದು ತುದಿಗೆ ಎಫ್ ಕನೆಕ್ಟರ್ ಅನ್ನೋ ಪಿನ್ ಹಾಕೋದು ಕಲಿಸಿದ್ದೆ. ಜಾಲರಿಯ ಒಂದು ಎಳೆ ಒಳಗಿನ ತಂತಿಗೆ ತಾಗಿದರೂ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ದೆ. ಅದು ಅಲ್ಲಿ ಉಪಯೋಗಕ್ಕೆ ಬರುತ್ತಾ?

ದುರ್ಗದ ಹ್ಯಾಂಗರ್:

ಬಾಲದ ಡಿಶ್ ಇರುವ ವಿಮಾನಗಳು ಇನ್ನೂ ವರ್ಷಗಟ್ಟಲೆ ಹಾರುತ್ತವೆ, ಅಣ್ಣಾ. ಚಪ್ಪಟೆ ಆಂಟೆನಾ ಕೂರಿಸೋದೇ ಈಗ ನಮ್ಮ ಹೆಚ್ಚಿನ ಕೆಲಸ. ಬೆನ್ನಿಗೆ ತೂತು ಕೊರೆದು, ಗಾಳಿ ಸೋರದ ಹಾಗೆ ಸೀಲ್ ಮಾಡಿ, ಒಳಗೆ ಕೇಬಲ್ ಎಳೆಯಬೇಕು. ಮೊದಮೊದಲು ಅವನು ಕೆಲಸ ಸರಿಯಾಗಿದೆ ಅಂತ ಸಹಿ ಹಾಕುವ ಹಾಗಿಲ್ಲ, ಲೈಸೆನ್ಸ್ ಇರುವ ಎಂಜಿನಿಯರ್ ಕೈಕೆಳಗೆ ಕೆಲಸ. ವಿಮಾನಯಾನದ ಸರ್ಕಾರಿ ಸಂಸ್ಥೆ ಡಿಜಿಸಿಎ ನಡೆಸುವ ಪರೀಕ್ಷೆ ಬರೆದು, ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸದ ಬಿ2 ಲೈಸೆನ್ಸ್ ತಗೊಂಡರೆ ಆಮೇಲೆ ತಾನೇ ಸಹಿ ಹಾಕಬಹುದು. ಓದು ಬಿಡಿಸಬೇಡಿ.

ಎಫ್ ಕನೆಕ್ಟರ್ ನಮ್ಮಲ್ಲಿಲ್ಲ, ಟಿಎನ್‌ಸಿ ಅಂತ ತಿರುಪಿನದು ಜಾಸ್ತಿ. ಕನೆಕ್ಟರ್ ಒತ್ತಿ ಕೂರಿಸುವ ಇಕ್ಕಳಕ್ಕೂ ಕ್ಯಾಲಿಬ್ರೇಶನ್, ಅಂದರೆ ಅದು ಸರಿ ಇದೆಯಾ ಅಂತ ಪರೀಕ್ಷಿಸುವ ತಾರೀಖು ಇರುತ್ತೆ, ತಾರೀಖು ಮುಗಿದಿದ್ದರೆ ಮುಟ್ಟೋ ಹಾಗಿಲ್ಲ. ಆದರೆ ಎಳೆ ತಾಗಿದೆಯಾ ಅಂತ ನೋಡೋ ಕಣ್ಣು ಅದೇ. ನನ್ನ ಹತ್ತಿರ ಬರುವ ಹುಡುಗರಲ್ಲಿ ಮೊದಲ ದಿನ ನಾನು ನೋಡೋದೂ ಅದನ್ನೇ. ಕಳಿಸಿ, ಅಣ್ಣಾ. ಬಂದ ದಿನ ನನಗೊಂದು ಮೆಸೇಜ್ ಹಾಕೋಕೆ ಹೇಳಿ.